ಪುಟ್ಟ ದೋಣಿಗೆ ತಾಮ್ರದ ಸರಪಳಿ

ನಮ್ಮ ಮತ್ತೋಡು ಹಿಂದೆ ಗಾಜಿನ ಬಳೆಗೆ ಹೆಸರಾಗಿತ್ತು. ಈ ಪಾಠದಲ್ಲೂ ಬಳೆ ಇದೆ. ಆದರೆ ಹೆಸರುಕಾಳಿನಷ್ಟು ಸಣ್ಣದು!

ಮಾರಿಕಣಿವೆ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. ಅಲ್ಲಿನ ನೀರು ನೋಡಿ ಬಂದ ಮಕ್ಕಳು ದೋಣಿ ಬೇಕು ಅಂತಾರೆ. ಮರದಲ್ಲಿ ಒಂದು ಮಾಡಿಕೊಟ್ಟಿರಿ ಅನ್ನಿ. ನಿಜವಾದ ದೋಣಿ 6 ಮೀಟರ್ ಉದ್ದ. ನಿಮ್ಮದು 30 ಸೆಂಟಿಮೀಟರ್. ಅಂದರೆ 20 ಪಟ್ಟು ಚಿಕ್ಕದು. ಅದರ ಸರಪಳಿ, ಲಂಗರು ಕೂಡ 20 ಪಟ್ಟು ಚಿಕ್ಕದಾಗಬೇಕು. ಲಂಗರು ಅಂದರೆ ದೋಣಿಯನ್ನು ನೀರಲ್ಲಿ ನಿಲ್ಲಿಸುವ ಕಬ್ಬಿಣದ ಕೊಕ್ಕೆ.

ಬಳಸದ ಹಳೇ ಕರೆಂಟ್ ವೈರಿನ ಸಿಪ್ಪೆ ಚಾಕುವಿನಿಂದ ಬಿಡಿಸಿ. ಸುಡಬೇಡಿ, ಆ ಹೊಗೆ ವಿಷ. ಒಳಗಿನ ತಾಮ್ರದ ತಂತಿಯನ್ನು ಸಣ್ಣ ಮೊಳೆಗೆ ಒತ್ತಾಗಿ ಸುತ್ತಿ. ಮೊಳೆ ಎಳೆದು, ಸುರುಳಿಯನ್ನು ಒಂದೇ ಗೆರೆಯಲ್ಲಿ ಕತ್ತರಿಸುತ್ತಾ ಬನ್ನಿ. ಬಳೆ ಬಳೆಯಾಗಿ ಬೀಳ್ತವೆ! ಒಂದರೊಳಗೆ ಒಂದು ಸಿಕ್ಕಿಸಿ ಇಕ್ಕಳದಿಂದ ಬಾಯಿ ಮುಚ್ಚಿ. ಸರಪಳಿ ಆಯ್ತು.

ಲಂಗರಿಗೆ ಎಣ್ಣೆ ಡಬ್ಬದ ತಗಡು ಸಾಕು. ಅಂಚು ಕೈ ಕುಯ್ಯುತ್ತೆ, ಅರದಿಂದ ಉಜ್ಜಿ. ಬೆಸುಗೆ ಹಾಕಿಸಲೇಬೇಡಿ. ಬೆಸುಗೆ ತಂತಿಯಲ್ಲಿ ಸೀಸ ಇರಬಹುದು. ಮಗು ಅದನ್ನು ಬಾಯಿಗಿಟ್ಟರೆ ಬುದ್ಧಿ ಬೆಳವಣಿಗೆಗೇ ಕೆಡುಕು.

ಲೆಕ್ಕ ಮಾಡಿ: ನಿಜವಾದ ಲಂಗರು 60 ಸೆಂಟಿಮೀಟರ್. ನಿಮ್ಮ ಲಂಗರು ಎಷ್ಟು?