ಕೈಗೆ ಸಿಕ್ಕಿದ ಅಕ್ಷರ

ಅಕ್ಷರಕ್ಕೆ ಎರಡು ರೂಪಗಳುಂಟು. ಕಿವಿಗೆ ಕೇಳಿಸುವುದು ಶ್ರಾವಣ. ಕಣ್ಣಿಗೆ ಕಾಣಿಸುವುದು ಚಾಕ್ಷುಷ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಹೇಳಿರುವ ಈ ವಿಭಾಗವು ವ್ಯಾಕರಣಕ್ಕೆ ಸಾಕು. ಆದರೆ ಐದಾರು ವರ್ಷದ ಮಗುವಿಗೆ ಪಾಠ ಹೇಳುವ ಉಪಾಧ್ಯಾಯರು ಮೂರನೆಯದೊಂದನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಅದು ಕೈಗೆ ಸಿಕ್ಕುವ ಅಕ್ಷರ.

ನಮ್ಮ ಹಿರಿಯರಿಗೆ ಇದು ಅರಿಯದ ಸಂಗತಿಯೇನಲ್ಲ. ಅಕ್ಷರಾಭ್ಯಾಸದಂದು ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವರು. ಕೂಲಿಮಠಗಳಲ್ಲಿ ಮರಳಿನ ಮೇಲೆ ತಿದ್ದಿಸುತ್ತಿದ್ದರು. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸೊರಿಯವರು ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವ ಕ್ರಮವನ್ನು ಬಳಕೆಗೆ ತಂದರು. 1939ರಲ್ಲಿ ಮದರಾಸಿಗೆ ಬಂದು ಭಾರತೀಯ ಶಿಕ್ಷಕರಿಗೂ ತರಬೇತಿಯಿತ್ತರು. ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿಯೇ 1995ರಲ್ಲಿ, ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಿತವಾಗಿ, ಯುನಿಸೆಫ್ ನೆರವಿನೊಡನೆ ‘ನಲಿಕಲಿ’ ಆರಂಭವಾಯಿತು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿತು.

ಇಷ್ಟಿದ್ದರೂ ತರಗತಿಗಳಲ್ಲಿ ಒಂದು ಕೊರತೆ ಉಳಿದೇ ಇದೆ. ಮಗು ‘ಅ ಆ ಇ ಈ’ ಎಂದು ತಡೆಯಿಲ್ಲದೆ ಒಪ್ಪಿಸುತ್ತದೆ. ನಡುವಿನ ಒಂದು ಅಕ್ಷರವನ್ನು ತೋರಿಸಿದರೆ ಮತ್ತೆ ‘ಅ’ಕಾರದಿಂದ ಎಣಿಸಿಕೊಂಡು ಬರುತ್ತದೆ. ಪಾಠವನ್ನು ಗಟ್ಟಿಯಾಗಿ ‘ಓದು’ತ್ತದೆ, ಬೆರಳು ಮಾತ್ರ ಬೇರೆ ಸಾಲಿನಲ್ಲಿರುತ್ತದೆ. ಇಂತಹ ಮಗು ಮೇಲಿನ ತರಗತಿಗೆ ಹೋದಾಗ ಗಣಿತ, ಚರಿತ್ರೆಗಳ ಬಾಗಿಲೂ ಅದಕ್ಕೆ ಮುಚ್ಚಿರುತ್ತದೆ. ಜಾಣತನದ ಕೊರತೆಯಿಂದ ಹೀಗಾಗುವುದಲ್ಲ. ಕಿವಿಯ ವಿದ್ಯೆ ಕಣ್ಣಿಗೆ ದಾಟದಿರುವುದೇ ಕಾರಣ.

ಕನ್ನಡದ 49 ಅಕ್ಷರಗಳ ವರ್ಣಮಾಲೆಯು ಉಚ್ಚಾರಣಾ ಸ್ಥಾನಗಳನ್ನು ಅನುಸರಿಸಿದ ಸುಂದರ ವ್ಯವಸ್ಥೆ. ಅದರಲ್ಲಿ ಈ ಲೇಖಕನಿಗಿರುವ ಗೌರವ ಅಪಾರ. ಆದರೆ ಶಾಸ್ತ್ರದ ಕ್ರಮವೇ ಶಿಶುವಿನ ಕಲಿಕೆಯ ಕ್ರಮವಾಗಬೇಕಿಲ್ಲ. ನಲಿಕಲಿಯಲ್ಲಿ ರ, ಗ, ಸ, ದ, ಅ ಮೊದಲಾದವು ಮುಂಚೆ ಬರುತ್ತವೆ. ಏಕೆಂದರೆ ಇವಿಷ್ಟರಿಂದಲೇ ಸರ, ರಸ, ಅರಸ, ಅಗಸ, ಗರಗಸ ಎಂಬ ಮಾತುಗಳು ಹುಟ್ಟುತ್ತವೆ. ಮೊದಲ ವಾರಗಳಲ್ಲಿಯೇ ಮಗುವಿಗೆ ಅರ್ಥವುಳ್ಳ ಓದು ದೊರೆಯುತ್ತದೆ.

ಇನ್ನು ಪ್ರಯೋಗದ ವಿಚಾರ. ಕುಂಬಾರಕೊಪ್ಪಲೆಂಬ ಹೆಸರಿನಲ್ಲಿಯೇ ಮಣ್ಣನ್ನು ಹದಮಾಡುವ ಕಸುಬಿನ ನೆನಪಿದೆ. ಹದವಾದ ಜೇಡಿಮಣ್ಣೇ ನಮ್ಮ ಪಾಠೋಪಕರಣವಾಗಲಿ. ಮೊದಲು ‘ಗರಿ’ ಎಂಬ ಮಾತನ್ನು ಹೇಳಿಸಿ, ಅದರಲ್ಲಿ ಕೇಳುವ ಧ್ವನಿಗಳನ್ನು ಮಕ್ಕಳಿಂದಲೇ ಬಿಡಿಸಬೇಕು. ಬಳಿಕ ಮಣ್ಣನ್ನು ಬತ್ತಿಯಂತೆ ಹೊಸೆದು ಹಲಗೆಯ ಮೇಲೆ ಗ, ರಿ ಎರಡನ್ನೂ ಮಾಡಿಸಬೇಕು. ತಲೆಕಟ್ಟು, ಗುಡಿಸು ಬೇರೆ ತುಂಡುಗಳಾಗಿರಲಿ. ಬರೆಯುವ ದಿಕ್ಕಿನಲ್ಲಿಯೇ ಬೆರಳು ಓಡಬೇಕು. ಬೆರಳು ಓಡುವಾಗ ಬಾಯಿ ಧ್ವನಿಯನ್ನು ನುಡಿಯಬೇಕು. ಈಗ ‘ಗ’ಕಾರದ ತಲೆಕಟ್ಟನ್ನು ತೆಗೆದು ಗುಡಿಸನ್ನಿಡಿಸಿರಿ. ಹಕ್ಕಿಯ ಗರಿ ಗಿರಿಯಾಯಿತು! ‘ಗಿ’ ಇದ್ದಲ್ಲಿ ‘ಸಿ’ಯನ್ನಿಟ್ಟರೆ ಸಿರಿ. ಕಾಗುಣಿತವೆಂದರೆ ಬಾಯಿಪಾಠದ ಪಟ್ಟಿಯಲ್ಲ, ಧ್ವನಿ ಬದಲಾದಂತೆ ರೂಪವೂ ಬದಲಾಗುವ ನಿಯಮ ಎಂಬುದನ್ನು ಮಗುವು ತನ್ನ ಕೈಯಿಂದಲೇ ಕಂಡುಕೊಳ್ಳುತ್ತದೆ. ಪಕಾರದ ಹೊಟ್ಟೆ ಸೀಳಿದರೆ ಷಕಾರವೆಂಬ ಭೇದವೂ ಕಣ್ಣು ಮುಚ್ಚಿ ತಡವಿದಾಗ ಮನಸ್ಸಿನಲ್ಲಿ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಮಣ್ಣಿನಾಟವೇ ಗುರಿಯಲ್ಲ. ಧ್ವನಿಯಿಲ್ಲದೆ ಆಕಾರವನ್ನಷ್ಟೇ ಮಾಡಿದರೆ ಅದು ಬೊಂಬೆಯಾದೀತು, ಅಕ್ಷರವಾಗದು. ಕಾರ್ಡು, ಹುಣಸೆಬೀಜ, ಮರಳುತಟ್ಟೆ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪ್ರತಿದಿನವೂ ಮಣ್ಣನ್ನು ಬದಿಗಿಟ್ಟು, ಸ್ಲೇಟಿನಲ್ಲಿ ಬರೆಯಿಸಿ, ಕೊನೆಗೆ ಕಲಿಸದೆ ಇದ್ದ ಒಂದು ಹೊಸ ಮಾತನ್ನು ಓದಿಸಬೇಕು. ‘ಗರಿ’, ‘ಸರ’ ಕಲಿತ ಮಗು ‘ಸರಿ’ ಎಂಬುದನ್ನು ತಾನೇ ಓದಿದರೆ ಪಾಠ ಸಾರ್ಥಕ. ಓದದಿದ್ದರೆ ಮರುದಿನ ಅಲ್ಲಿಂದಲೇ ಪುನಃ ಆರಂಭಿಸತಕ್ಕದ್ದು.

ಇದಕ್ಕೆ ಬೆಲೆಬಾಳುವ ಸಾಮಗ್ರಿ ಬೇಡ. ಬೇಕಾದುದು ಪ್ರತಿಯೊಂದು ಮಗುವಿನ ಬೆರಳನ್ನೂ ನೋಡುವಷ್ಟು ವ್ಯವಧಾನ. 2009ರ ಶಿಕ್ಷಣ ಹಕ್ಕು ಕಾಯಿದೆಯು ಕೆಳ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ವಿಧಿಸಿರುವುದರ ಔಚಿತ್ಯ ಇಲ್ಲಿ ಮನದಟ್ಟಾಗುತ್ತದೆ. 60 ಮಕ್ಕಳ ಕೋಣೆಯಲ್ಲಿ ಒಬ್ಬರಿಗೆ ಸಾಧ್ಯವಾಗುವುದು ಸಾಮೂಹಿಕ ಬಾಯಿಪಾಠವೊಂದೇ. ಆದುದರಿಂದ ಶಾಲೆಗೆ ನೆರವಾಗಬಯಸುವ ಮಹನೀಯರು ಕಟ್ಟಡದೊಡನೆ ಒಂದನೆಯ ತರಗತಿಗೆ ಮತ್ತೊಬ್ಬ ಶಿಕ್ಷಕರನ್ನು ಒದಗಿಸುವ ಬಗೆಗೂ ಯೋಚಿಸಲಿ. ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಮಕ್ಕಳ ಪಕ್ಕದಲ್ಲಿ ಕುಳಿತು ಓದು ಕೇಳಲಿ. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಅರ್ಥ. ಮಗುವಿನಲ್ಲಿ ಅದು ನಾಶವಾಗದೆ ನಿಲ್ಲಬೇಕಾದರೆ ಮೊದಲು ಅದರ ಕೈಗೆ ಸಿಕ್ಕಬೇಕು.