ಕರೆಂಟ್ ಹೋಗಿ ಬಂದ ಮೇಲೆ

‘ಎಡ್ಜ್‌ಗೆ ಯಾವ ಆರ್ಕೆಸ್ಟ್ರೇಟರ್ ಹಗುರ ಸರ್?’ ಎಂದು ಹೊಸ ಹುಡುಗರು ಕೇಳುತ್ತಾರೆ. ಬಾಕ್ಸ್ ಎಲ್ಲಿ ಕೂರುತ್ತದೆ, ಅಲ್ಲಿ ದಿನಕ್ಕೆಷ್ಟು ಸಲ ಕರೆಂಟ್ ಹೋಗುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಲ್ಲಿ ತಾಪಮಾನ, ತೇವಾಂಶ ಗಮನಿಸುವ ಗೇಟ್‌ವೇಗಳ ಕೆಲಸ ಮಾಡಿದ ಮೇಲೆ ಬಂದ ಅಭ್ಯಾಸ ಇದು. ಪ್ರತಿ ಕಡೆಯೂ ಒಂದು ರಾಸ್ಪ್‌ಬೆರಿ ಪೈ 4. ಸೆನ್ಸರ್ ಓದುವ ಕಂಟೈನರ್ ಒಂದು, ಎಂಕ್ಯೂಟಿಟಿ ಬ್ರೋಕರ್ ಒಂದು, ಅಲಾರಂ ಕಳಿಸುವುದು ಇನ್ನೊಂದು. ಅಷ್ಟೇ ಸಂಸಾರ.

ಶುರುವಿನಲ್ಲಿ ಎಲ್ಲರಂತೆ ರ‍್ಯಾಮ್ ಅಳೆದೆವು. 2019ರಲ್ಲಿ ರಾಂಚರ್ ಲ್ಯಾಬ್ಸ್ ಹೊರತಂದ, ಕುಬರ್ನೆಟಿಸ್‌ನ ಹಗುರ ರೂಪವಾದ ಕೆ3ಎಸ್ 100 ಎಂಬಿಗಿಂತ ಚಿಕ್ಕ ಬೈನರಿ ನಿಜ. ಆದರೆ ಅದರ ಸರ್ವರ್ ಎದ್ದು ನಿಂತರೆ 1 ಜಿಬಿ ಪೈನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಅದಕ್ಕೇ ಬೇಕು. ಕೆನಾನಿಕಲ್‌ನ ಮೈಕ್ರೊಕೆ8ಎಸ್ ಅದಕ್ಕಿಂತ ಭಾರ ಅನ್ನಿಸಿತು. ರ‍್ಯಾಮ್‌ಗಿಂತ ಹೆಚ್ಚು ಕಾಡಿದ್ದು ಎಸ್‌ಡಿ ಕಾರ್ಡ್. ಯಾವ ಕೆಲಸವೂ ಇಲ್ಲದಾಗಲೂ ಕುಬರ್ನೆಟಿಸ್‌ನ ಪ್ರತಿ ನೋಡ್ ಹತ್ತು ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಹಾಜರಿ ಹಾಕುತ್ತದೆ, ಆ ಹಾಜರಿ ಡೇಟಾಬೇಸಿನಲ್ಲಿ ದಾಖಲಾಗುತ್ತದೆ. ಕುಬರ್ನೆಟಿಸ್‌ನ ಮಾಮೂಲಿ ಡೇಟಾಬೇಸ್ ಎಟ್‌ಸಿಡಿಯಂತೂ ಪ್ರತಿ ಬರಹವನ್ನೂ ಡಿಸ್ಕಿಗೆ ಒತ್ತಿ ಇಳಿಸಿಯೇ ಮುಂದೆ ಹೋಗುವುದು. ಅಗ್ಗದ ಕಾರ್ಡುಗಳಿಗೆ ಅದು ಶಿಕ್ಷೆ. ಸರ್ವರ್ ಒಂದೇ ಇದ್ದರೆ ಕೆ3ಎಸ್ ಎಸ್‌ಕ್ಯೂಲೈಟ್ ಬಳಸುತ್ತದೆ, ಆ ಮಟ್ಟಿಗೆ ವಾಸಿ.

ಪರೀಕ್ಷೆಗೆಂದು ಒಂದು ಗೋದಾಮಿನಲ್ಲಿ ಕೆ3ಎಸ್ ಏಜೆಂಟ್ ಮಾತ್ರ ಇಟ್ಟು, ಸರ್ವರ್ ಅನ್ನು ಬೆಂಗಳೂರಿನಲ್ಲಿ ಇಟ್ಟಿದ್ದೆವು. ಒಂದು ಮಳೆಯ ಸಂಜೆ ಅಲ್ಲಿನ ಆಪರೇಟರ್ ಫೋನ್ ಮಾಡಿದರು: ‘ಸರ, ಕರೆಂಟ್ ಬಂದೈತ್ರಿ, ಆದ್ರ ನಿಮ್ಮ ಡಬ್ಬಿ ಸುಮ್ನ ಕುಂತೈತಿ.’ ಮೊಬೈಲ್ ಟವರ್ ಇನ್ನೂ ಎದ್ದಿರಲಿಲ್ಲ. ಅದನ್ನೇ ಮೇಜಿನ ಮೇಲೆ ಮಾಡಿ ನೋಡಿದೆವು. ನೆಟ್‌ವರ್ಕ್ ಕೇಬಲ್ ಕಿತ್ತರೆ ಕಂಟೈನರ್‌ಗಳು ನಿರಾಳವಾಗಿ ಓಡುತ್ತವೆ. ಕೇಬಲ್ ಕಿತ್ತಿರುವಾಗಲೇ ಪ್ಲಗ್ಗನ್ನೂ ಎಳೆದು ಮತ್ತೆ ಹಾಕಿದರೆ ಒಂದೂ ಏಳುವುದಿಲ್ಲ. ಏನನ್ನು ಓಡಿಸಬೇಕು ಎಂಬ ಪಟ್ಟಿ ಇರುವುದು ಸರ್ವರ್ ಹತ್ತಿರ. ಅದು ಸಿಗುವ ತನಕ ಏಜೆಂಟ್ ಬಾಗಿಲು ತಟ್ಟುತ್ತಲೇ ಇರುತ್ತದೆ. ಕುಬರ್ನೆಟಿಸ್ ಅನ್ನೇ ಎಡ್ಜ್‌ಗೆ ಚಾಚುವ ಕುಬ್‌ಎಡ್ಜ್‌ನಲ್ಲಿ ಹೀಗಾಗಲಿಲ್ಲ. ಅದರ ಎಡ್ಜ್‌ಕೋರ್ ಆ ಪಟ್ಟಿಯ ಒಂದು ಪ್ರತಿಯನ್ನು ಬಾಕ್ಸ್‌ನೊಳಗೇ ಎಸ್‌ಕ್ಯೂಲೈಟ್‌ನಲ್ಲಿ ಇಟ್ಟುಕೊಂಡಿರುತ್ತದೆ. ಆದರೆ ಮೇಲೆ ಕ್ಲೌಡ್‌ನಲ್ಲಿ ಪೂರ್ತಿ ಕುಬರ್ನೆಟಿಸ್ ಸಾಕಬೇಕು. ನಮ್ಮಂಥ ಸಣ್ಣ ತಂಡಕ್ಕೆ ಅದು ಅತಿಯಾಯಿತು.

ಪೈ 4ರಲ್ಲಿ ಗಡಿಯಾರದ ಚಿಪ್ ಇಲ್ಲ ಎಂಬುದೂ ಆಗಲೇ ಚುಚ್ಚಿದ್ದು. ನೆಟ್ ಇಲ್ಲದೆ ಎದ್ದ ಬಾಕ್ಸ್ ಹಳೆಯ ಸಮಯದ ಮುದ್ರೆ ಒತ್ತಿ ತಾಪಮಾನ ಬರೆಯುತ್ತಿತ್ತು. ಡಿಎಸ್3231 ಮಾಡ್ಯೂಲ್ ಹಾಕಿದ ಮೇಲೆ ಆ ಕಾಟ ತಪ್ಪಿತು.

ಹೋಲಿಕೆಯ ಪಟ್ಟಿಗಳಲ್ಲಿ ‘ಆರ್ಕೆಸ್ಟ್ರೇಟರ್ ಇಲ್ಲ’ ಎಂಬ ಸಾಲು ಇರುವುದೇ ಅಪರೂಪ. ನಮ್ಮಲ್ಲಿ ಗೆದ್ದದ್ದು ಅದೇ. ಪಾಡ್‌ಮನ್ 4.4ರಿಂದ ಜೊತೆಗೇ ಬರುವ ಕ್ವಾಡ್‌ಲೆಟ್‌ನಲ್ಲಿ ಕಂಟೈನರಿಗೊಂದು ಪುಟ್ಟ ಫೈಲ್ ಬರೆದಿಟ್ಟರೆ ಉಳಿದದ್ದು ಸಿಸ್ಟಮ್‌ಡಿ ಕೆಲಸ. ನೆಟ್ ಇರಲಿ ಬಿಡಲಿ, ಬಾಕ್ಸ್ ಬೂಟ್ ಆಗುವಷ್ಟರಲ್ಲಿ ಸೆನ್ಸರ್ ಓದು ಶುರು. ಅಪ್‌ಡೇಟ್‌ಗಳನ್ನು ಆನ್ಸಿಬಲ್‌ನಿಂದ ತಳ್ಳುತ್ತೇವೆ. ಎಲ್ಲ ಬಾಕ್ಸುಗಳೂ ಒಂದೇ ಪರದೆಯಲ್ಲಿ ಹಸಿರಾಗಿ ಕಾಣುವುದಿಲ್ಲ ಎಂಬ ಗೊಣಗಾಟ ಮ್ಯಾನೇಜರ್ ಕಡೆಯಿಂದ ಇನ್ನೂ ಇದೆ.

ಕೆ3ಎಸ್ ಉಳಿದಿರುವುದು ಒಂದೇ ಕಡೆ, ಒಂದು ಕೆಟ್ಟರೆ ಇನ್ನೊಂದು ಹೊರಬೇಕಾದ ಮೂರು ಬಾಕ್ಸುಗಳ ದೊಡ್ಡ ಗೋದಾಮಿನಲ್ಲಿ. ಮೂರಕ್ಕೂ ಎಸ್‌ಎಸ್‌ಡಿ. ಸತ್ತ ನೋಡ್‌ನ ಕೆಲಸವನ್ನು ಬೇರೆಡೆ ಎತ್ತಿಕೊಳ್ಳಲು ಕುಬರ್ನೆಟಿಸ್ ಸಾಮಾನ್ಯವಾಗಿ 300 ಸೆಕೆಂಡ್ ಕಾಯುತ್ತದೆ. ಅಲಾರಂ ಕಂಟೈನರಿಗೆ ಮಾತ್ರ ಅದನ್ನು 30ಕ್ಕೆ ಇಳಿಸಿದ್ದೇವೆ.