ಟ್ರೇಲರಿನ ಮೇಲಿನ ದೋಣಿ: ನಿಜವಾದ ತೂಕವನ್ನು ಕಂಡುಕೊಳ್ಳುವ ಬಗೆ

ಮುಂಬಯಿ ನಗರ ಮತ್ತು ಅದರ ಉಪನಗರಗಳಲ್ಲಿ ದೋಣಿಯು ನೀರಿನ ಮೇಲೆ ಸಂಚರಿಸುವಂತೆಯೇ ನೆಲದ ಮೇಲೆಯೂ ಸಂಚರಿಸಬೇಕಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಯಾಂತ್ರೀಕೃತ ಮೀನುಗಾರಿಕೆಗೆ ಮಳೆಗಾಲದ ನಿಷೇಧ ಆರಂಭವಾಗುವ ವೇಳೆಗೆ ವರ್ಸೋವಾ, ಮಢ್, ಮನೋರಿ, ಗೊರಾಯಿ, ವರ್ಲಿ ಮೊದಲಾದ ಕೋಳಿವಾಡಗಳ ದೋಣಿಗಳನ್ನು ದಡದ ಮೇಲಕ್ಕೆ ಎಳೆದು ಭದ್ರಪಡಿಸಲಾಗುತ್ತದೆ. ಪ್ರವಾಹ ಪರಿಹಾರದ ದೋಣಿಗಳು ವಾಹನಗಳ ಮೂಲಕವೇ ಸ್ಥಳಕ್ಕೆ ತಲುಪುತ್ತವೆ. ಕೊಲಾಬಾದಲ್ಲಿ ಅಭ್ಯಾಸ ಮಾಡುವ ಹಾಯಿದೋಣಿಗಳು ಹೈದರಾಬಾದಿನ ಹುಸೇನ್ ಸಾಗರದ ಸ್ಪರ್ಧೆಗಳಿಗೆ ಟ್ರೇಲರುಗಳ ಮೇಲೆ ಹೋಗಿಬರುತ್ತವೆ. ಉಡುಪಿ, ಮಲ್ಪೆಯ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಮೊಗವೀರ ಕುಟುಂಬಗಳಿಗೆ ದೋಣಿಯನ್ನು ದಡಕ್ಕೇರಿಸುವ ಕಾರ್ಯವು ಹೊಸದೇನಲ್ಲ. ಆದರೆ ಹತ್ತಾರು ಹೆಗಲುಗಳು ಕೂಡಿ ಎಳೆಯುತ್ತಿದ್ದ ಕಾಲದಲ್ಲಿ ತೂಕದ ಅಂದಾಜು ತಪ್ಪಿದರೆ ದೋಣಿಯು ಅಲುಗದೆ ನಿಲ್ಲುತ್ತಿತ್ತು, ಅಷ್ಟೆ. ಎಂಜಿನ್ ಇರುವ ವಾಹನವು ಎಳೆಯುವಾಗ ಹಾಗಲ್ಲ. ಅಧಿಕ ತೂಕವನ್ನೂ ಅದು ಎಳೆದೇ ಬಿಡುತ್ತದೆ. ತಪ್ಪು ಬೆಳಕಿಗೆ ಬರುವುದು ಅದನ್ನು ನಿಲ್ಲಿಸಬೇಕಾದಾಗ.

ಎಳೆಯುವ ಶಕ್ತಿ ಮತ್ತು ನಿಲ್ಲಿಸುವ ಶಕ್ತಿ ಬೇರೆ ಬೇರೆ ಎಂಬುದನ್ನು ಮೊದಲಿಗೇ ಗ್ರಹಿಸುವುದು ಅವಶ್ಯ. ಖಂಡಾಲದಿಂದ ಖೋಪೋಲಿಗೆ ಭೋರ್ ಘಾಟಿನಲ್ಲಿ ಇಳಿಯುವ ವಾಹನವು ಸುಮಾರು 500 ಮೀಟರು ಎತ್ತರವನ್ನು ಕಳೆದುಕೊಳ್ಳುತ್ತದೆ. ಅದರ ಹಿಂದಿರುವ ಟ್ರೇಲರ್ ಮತ್ತು ದೋಣಿಯ ಒಟ್ಟು ತೂಕ 1,150 ಕಿ.ಗ್ರಾಂ. ಆಗಿದ್ದರೆ, ಆ ಇಳಿತದಲ್ಲಿ ಹೊರಬೀಳುವ ಶಕ್ತಿಯು 30 ಡಿಗ್ರಿ ಉಷ್ಣತೆಯ ಸುಮಾರು 19 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುತ್ತದೆ. ಈ ಶಾಖದ ಬಹುಭಾಗವನ್ನು ವಾಹನದ ಬ್ರೇಕುಗಳು ಮತ್ತು ಎಂಜಿನಿನ ತಡೆ ಹೀರಿಕೊಳ್ಳಬೇಕು. ತೂಕವನ್ನು 450 ಕಿ.ಗ್ರಾಂ. ಎಂದು ನಂಬಿ ಹೊರಟ ಚಾಲಕನು ತನ್ನ ಬ್ರೇಕುಗಳಿಂದ ಎರಡೂವರೆ ಪಟ್ಟು ಕೆಲಸವನ್ನು ಅರಿವಿಲ್ಲದೆ ಬೇಡುತ್ತಿರುತ್ತಾನೆ.

ಕೈಪಿಡಿಯ ಅಂಕಿ ಏನನ್ನು ಹೇಳುತ್ತದೆ?

ದೋಣಿಯೊಡನೆ ಬರುವ ಮಾಹಿತಿ ಪತ್ರದಲ್ಲಿ ತೂಕವೆಂದು ನಮೂದಿಸಿರುವುದು ಸಾಮಾನ್ಯವಾಗಿ ಬರಿಯ ಒಡಲಿನ ತೂಕವಾಗಿರುತ್ತದೆ. ಮಕ್ಕಳು ಹಾಯಿ ನಡೆಸಲು ಕಲಿಯುವ ಆಪ್ಟಿಮಿಸ್ಟ್ ದೋಣಿಯ ತೂಕ 35 ಕಿ.ಗ್ರಾಂ. ಎಂದು ಹೇಳುವಾಗ ಅದರಲ್ಲಿ ಹಾಯಿಯಾಗಲಿ, ಹಾಯಿಮರವಾಗಲಿ, ಚುಕ್ಕಾಣಿಯಾಗಲಿ ಸೇರಿರುವುದಿಲ್ಲ. ಅಲ್ಲದೆ ಅದು ಸ್ಪರ್ಧೆಯ ನಿಯಮ ವಿಧಿಸುವ ಕನಿಷ್ಠ ತೂಕವೇ ಹೊರತು ಪ್ರತಿಯೊಂದು ದೋಣಿಯ ಅಳೆದ ತೂಕವಲ್ಲ. ಫೈಬರ್ ದೋಣಿಗಳನ್ನು ಕೈಯಿಂದ ಪದರ ಪದರವಾಗಿ ಕಟ್ಟುವ ಕಾರ್ಯಾಗಾರಗಳಲ್ಲಿ ಒಂದೇ ಅಚ್ಚಿನಿಂದ ಹೊರಬಂದ ಎರಡು ಒಡಲುಗಳ ತೂಕವೂ ಒಂದೇ ಆಗಿರುವುದಿಲ್ಲ. ಬಳಕೆಯಲ್ಲಿ ದುರಸ್ತಿಯ ಪದರಗಳು ಸೇರುತ್ತವೆ, ಬಣ್ಣ ಸೇರುತ್ತದೆ, ಮರದ ಭಾಗಗಳು ಮತ್ತು ಒಳಗಿನ ನೊರೆಹಲಗೆ ನೀರು ಹೀರುತ್ತವೆ. ಹಳೆಯ ದೋಣಿ ಹೊಸದಕ್ಕಿಂತ ಹಗುರವಾದ ಉದಾಹರಣೆ ಬಹು ವಿರಳ.

ಒಂದು ಕಲ್ಪಿತ ಲೆಕ್ಕವನ್ನು ಪರಿಶೀಲಿಸೋಣ. ಆರು ಮೀಟರು ಉದ್ದದ ತೆರೆದ ಫೈಬರ್ ದೋಣಿಯೊಂದರ ಒಡಲು 450 ಕಿ.ಗ್ರಾಂ. ಎಂದಿರಲಿ. ಅದಕ್ಕೆ ಜೋಡಿಸಿದ 40 ಅಶ್ವಶಕ್ತಿಯ ನಾಲ್ಕು-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನಿಗೆ 98 ಕಿ.ಗ್ರಾಂ. ಹಿಡಿಯೋಣ. ಇದೇ ಶಕ್ತಿಯ ಹಳೆಯ ಎರಡು-ಸ್ಟ್ರೋಕ್ ಎಂಜಿನು ಇದಕ್ಕಿಂತ 20 ಕಿ.ಗ್ರಾಂ.ಗೂ ಹೆಚ್ಚು ಹಗುರ. ಆದುದರಿಂದ ಎಂಜಿನು ಬದಲಾಯಿಸಿದವರು ಹಳೆಯ ಅಂಕಿಯನ್ನೇ ಹಿಡಿದು ಕೂರಬಾರದು. 50 ಲೀಟರ್ ಪೆಟ್ರೋಲು ಸುಮಾರು 37 ಕಿ.ಗ್ರಾಂ., ಅದರ ಡಬ್ಬಿ 8. ಬ್ಯಾಟರಿ 27, ಲಂಗರು ಮತ್ತು ಹಗ್ಗ 30, ಒದ್ದೆಯಾದ ಬಲೆ 80, ಕುಡಿಯುವ ನೀರು 20, ಜೀವರಕ್ಷಕ ಜಾಕೆಟುಗಳು 6, ಮಂಜುಗಡ್ಡೆಯ ಪೆಟ್ಟಿಗೆ 50, ತಳದಲ್ಲಿ ಉಳಿದ ನೀರು 25. ಇವೆಲ್ಲವನ್ನೂ ಕೂಡಿದರೆ 831 ಕಿ.ಗ್ರಾಂ. ಟ್ರೇಲರಿನ ತೂಕ 320 ಕಿ.ಗ್ರಾಂ. ಸೇರಿಸಿದಾಗ ಒಟ್ಟು 1,151 ಕಿ.ಗ್ರಾಂ. ಆಗುತ್ತದೆ. ಮಾಹಿತಿ ಪತ್ರದ 450 ಎಲ್ಲಿ, ಕೊಂಡಿಯ ಹಿಂದಿರುವ 1,151 ಎಲ್ಲಿ! ಈ ಲೆಕ್ಕದಲ್ಲಿ ಯಾವ ಒಂದು ವಸ್ತುವೂ ಭಾರಿಯಾದುದಲ್ಲ ಎಂಬುದು ಗಮನಾರ್ಹ. ಟ್ರೇಲರನ್ನೂ ಹಿಡಿದರೆ ಇವೆಲ್ಲ ಸೇರಿ ಒಡಲಿನ ತೂಕವನ್ನು ಮೀರಿಸುತ್ತವೆ.

ಮುಂಬಯಿಯಲ್ಲಿ ಮತ್ತೊಂದು ಅಂಶವನ್ನು ಮರೆಯುವಂತಿಲ್ಲ, ಅದೇ ಮಳೆ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿ.ಮೀ. ಮಳೆಯು ಒಂದು ಲೀಟರ್, ಅಂದರೆ ಒಂದು ಕಿ.ಗ್ರಾಂ. ನಮ್ಮ ಉದಾಹರಣೆಯ ದೋಣಿಯ ತೆರೆದ ಬಾಯಿ 7 ಚದರ ಮೀಟರು ಇದ್ದರೆ, 50 ಮಿ.ಮೀ. ಮಳೆಗೆ 350 ಕಿ.ಗ್ರಾಂ. ನೀರು ಒಳಗೆ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅಂಥ ಮಳೆಗೆ ಸಿಕ್ಕ ತೆರೆದ ದೋಣಿಯು ತುಂಬಿ ಹೊರಚೆಲ್ಲದೆ ಇರದು. ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದುದು ಸುಮಾರು 73 ಮಿ.ಮೀ. ಮಾತ್ರ. ಆದರೆ ಆ ‘ಅಲ್ಪ’ ಮಳೆಯೂ ನಮ್ಮ ದೋಣಿಯೊಳಗೆ 500 ಕಿ.ಗ್ರಾಂ.ಗೂ ಮೀರಿದ ನೀರನ್ನು ತುಂಬುತ್ತಿತ್ತು. ಆದ್ದರಿಂದ ಟ್ರೇಲರಿನ ಮೇಲೆ ನಿಂತ ದೋಣಿಯ ತಳದ ಬಿರಡೆಯನ್ನು ತೆಗೆದಿಡಬೇಕು, ಮೂತಿಯನ್ನು ತುಸು ಎತ್ತರಿಸಿರಬೇಕು. ನೀರಿಗಿಳಿಸುವ ಮುನ್ನ ಅದೇ ಬಿರಡೆಯನ್ನು ಮತ್ತೆ ಬಿಗಿಯಲು ಮರೆತವರ ಕಥೆಗಳು ಪ್ರತಿ ದಡದಲ್ಲಿಯೂ ಉಂಟು.

ತೂಗುವ ಕ್ರಮ

ಲೆಕ್ಕವು ಎಷ್ಟೇ ಎಚ್ಚರಿಕೆಯದಾದರೂ ತೂಗಿ ನೋಡಿದ ಅಂಕಿಗೆ ಸಮನಾಗದು. ವಾಶಿಯ ಎ.ಪಿ.ಎಂ.ಸಿ. ಮಾರುಕಟ್ಟೆ, ಕಳಂಬೋಲಿಯ ಉಕ್ಕಿನ ಮಾರುಕಟ್ಟೆ, ಭಿವಂಡಿಯ ಗೋದಾಮುಗಳು ಮುಂತಾದ ಸರಕು ಕೇಂದ್ರಗಳ ಸುತ್ತಮುತ್ತ ಲಾರಿಗಳನ್ನು ತೂಗುವ ವೇಬ್ರಿಡ್ಜುಗಳಿವೆ. ಇಂಥ ತೂಕಯಂತ್ರಗಳನ್ನು 2011ರ ಕಾನೂನು ಮಾಪನ ಸಾಮಾನ್ಯ ನಿಯಮಗಳ ಪ್ರಕಾರ ಪ್ರತಿ 12 ತಿಂಗಳಿಗೊಮ್ಮೆ ಮರುಪರಿಶೀಲಿಸಿ ಮುದ್ರೆ ಹಾಕಿಸಬೇಕು. ತೂಗಿಸುವವರು ಆ ಮುದ್ರೆಯ ವರ್ಷವನ್ನು ನೋಡುವ ಹಕ್ಕುಳ್ಳವರು, ನೋಡುವುದು ಒಳ್ಳೆಯದು.

ದೋಣಿಯನ್ನು ಪ್ರಯಾಣಕ್ಕೆ ಸಿದ್ಧಗೊಳಿಸಿದ ಸ್ಥಿತಿಯಲ್ಲಿಯೇ, ಇಂಧನ ಮತ್ತು ಸಾಮಾನುಗಳ ಸಹಿತ ತೂಗಿಸಬೇಕು. ಮೊದಲು ಟ್ರೇಲರನ್ನು ವಾಹನಕ್ಕೆ ಜೋಡಿಸಿದಂತೆಯೇ ಇಟ್ಟು, ಟ್ರೇಲರಿನ ಚಕ್ರಗಳು ಮಾತ್ರ ವೇಬ್ರಿಡ್ಜಿನ ಮೇಲಿರುವಂತೆ ನಿಲ್ಲಿಸಿ ತೂಕ ಪಡೆಯಬೇಕು. ಇದು ಅಚ್ಚಿನ ಭಾರ. ಅನಂತರ ಕೊಂಡಿಯನ್ನು ಕಳಚಿ, ಮುಂದಿನ ಚಿಕ್ಕ ಊರೆಗಾಲಿಯ ಮೇಲೆ ಟ್ರೇಲರನ್ನು ನಿಲ್ಲಿಸಿ, ವಾಹನವನ್ನು ಹೊರಗೆ ಸರಿಸಿ ಇಡಿಯ ಟ್ರೇಲರನ್ನು ತೂಗಬೇಕು. ಇದು ಒಟ್ಟು ತೂಕ. ಎರಡರ ವ್ಯತ್ಯಾಸವೇ ವಾಹನದ ಕೊಂಡಿಯ ಮೇಲೆ ಬೀಳುವ ಭಾರ. ಉದಾಹರಣೆಗೆ ಒಟ್ಟು 1,150, ಅಚ್ಚಿನ ಮೇಲೆ 1,060 ಎಂದು ಬಂದರೆ ಕೊಂಡಿಯ ಭಾರ 90 ಕಿ.ಗ್ರಾಂ.

ಇಲ್ಲಿ ಒಂದು ಸೂಕ್ಷ್ಮವಿದೆ. ದೊಡ್ಡ ಲಾರಿಗಳಿಗಾಗಿ ರಚಿಸಿದ ವೇಬ್ರಿಡ್ಜು ಅನೇಕ ವೇಳೆ 10 ಕಿ.ಗ್ರಾಂ. ಅಂತರದಲ್ಲಿ ಮಾತ್ರ ತೂಕ ತೋರಿಸುತ್ತದೆ. 1,150ರಲ್ಲಿ ಹತ್ತರ ವ್ಯತ್ಯಾಸ ಉಪೇಕ್ಷಣೀಯ. ಆದರೆ ಎರಡು ಅಂಕಿಗಳನ್ನು ಕಳೆದು 90 ಎಂದು ಪಡೆದಾಗ ಎರಡರ ದೋಷವೂ ಆ ಚಿಕ್ಕ ಸಂಖ್ಯೆಯ ಮೇಲೆ ಬೀಳುತ್ತದೆ. ಅದು 80 ಇರಬಹುದು, 100 ಇರಬಹುದು. ಆದುದರಿಂದ ಕೊಂಡಿಯ ಭಾರವನ್ನು ಸಮತಟ್ಟಾದ ನೆಲದ ಮೇಲೆ ಬೇರೆಯಾಗಿ ಅಳೆಯುವುದು ಉತ್ತಮ. ಮನುಷ್ಯರ ತೂಕ ನೋಡುವ ಸಾಧಾರಣ ಯಂತ್ರದ ಮೇಲೆ ಹಲಗೆಯಿಟ್ಟು, ಕೊಂಡಿಯು ವಾಹನದಲ್ಲಿ ಇರುವ ಎತ್ತರಕ್ಕೇ ಸರಿಯಾಗಿ ಮರದ ತುಂಡೊಂದನ್ನು ನಿಲ್ಲಿಸಿ, ಟ್ರೇಲರಿನ ಮೂತಿಯನ್ನು ಅದರ ಮೇಲೆ ಮೆಲ್ಲನೆ ಇಳಿಸಬೇಕು. ಚಕ್ರಗಳಿಗೆ ಮೊದಲೇ ಕಲ್ಲು ಅಥವಾ ದಿಮ್ಮಿಯ ಅಡ್ಡ ಕೊಟ್ಟಿರಬೇಕು. ತೋರಿದ ತೂಕದಿಂದ ಹಲಗೆ ಮತ್ತು ತುಂಡಿನ ತೂಕವನ್ನು ಕಳೆಯಬೇಕು. ಹಾಗೆಯೇ 35 ಕಿ.ಗ್ರಾಂ.ನ ಚಿಕ್ಕ ಹಾಯಿದೋಣಿಯನ್ನು ವೇಬ್ರಿಡ್ಜಿಗೆ ಒಯ್ಯುವುದು ವ್ಯರ್ಥ. ಅದಕ್ಕೆ ತೂಗುಹಾಕಿ ನೋಡುವ ಕೊಕ್ಕೆಯ ತಕ್ಕಡಿಯೇ ತಕ್ಕುದು.

ವೇಬ್ರಿಡ್ಜಿಗೆ ಒಯ್ಯುವುದೇ ಅಪಾಯಕರವೆಂದು ಸಂದೇಹವಿದ್ದಲ್ಲಿ ನೀರಿನ ಮೇಲೆಯೇ ಒಂದು ಸ್ಥೂಲ ಅಂದಾಜು ಮಾಡಬಹುದು. ತೇಲುವ ದೋಣಿಯು ತನ್ನ ತೂಕಕ್ಕೆ ಸಮನಾದ ತೂಕದ ನೀರನ್ನು ಸರಿಸುತ್ತದೆ. ನೀರಿನ ಮಟ್ಟದಲ್ಲಿ ಉದ್ದ 5.2 ಮೀಟರು, ಅಗಲ 1.5 ಮೀಟರು, ಮುಳುಗಿದ ಆಳ 0.25 ಮೀಟರು ಎಂದಾದರೆ ಗುಣಲಬ್ಧ 1.95 ಘನ ಮೀಟರು. ದೋಣಿಯು ಪೆಟ್ಟಿಗೆಯ ಆಕಾರದಲ್ಲಿಲ್ಲವಾದ್ದರಿಂದ ಇದರ ಹತ್ತರಲ್ಲಿ ನಾಲ್ಕು ಭಾಗ, ಅಂದರೆ 0.78 ಹಿಡಿದು, ಸಮುದ್ರದ ನೀರಿನ ಸಾಂದ್ರತೆ 1,025ರಿಂದ ಗುಣಿಸಿದರೆ ಸುಮಾರು 800 ಕಿ.ಗ್ರಾಂ. ದೊರೆಯುತ್ತದೆ. ನಾಲ್ಕರ ಬದಲು ಐದು ಭಾಗ ಹಿಡಿದರೆ ಇದೇ ಉತ್ತರವು 1,000 ಆಗುತ್ತದೆ. ಆದ್ದರಿಂದ ಈ ವಿಧಾನವು ದೊಡ್ಡ ತಪ್ಪನ್ನು ಹಿಡಿಯಲು ಮಾತ್ರ ಉಪಯುಕ್ತ, ತೀರ್ಮಾನಕ್ಕಲ್ಲ.

ತೂಕ ತಿಳಿದ ಮೇಲೆ

ಅಂಕಿಗಳನ್ನು ಹೋಲಿಸಬೇಕಾದ ಸ್ಥಳಗಳು ಹಲವು. ಟ್ರೇಲರಿನ ಫಲಕದಲ್ಲಿ ನಮೂದಿಸಿದ ಗರಿಷ್ಠ ತೂಕ, ವಾಹನ ತಯಾರಕರು ಅನುಮತಿಸಿದ ಎಳೆತದ ತೂಕ, ಕೊಂಡಿಯ ಸಾಮರ್ಥ್ಯ, ಇವುಗಳಲ್ಲಿ ಅತಿ ಚಿಕ್ಕದೇ ನಮ್ಮ ಮಿತಿ. ವಾಹನದ ಕೈಪಿಡಿಯಲ್ಲಿ ಎಳೆತದ ತೂಕವನ್ನು ಕೊಟ್ಟಿರದಿದ್ದರೆ ಅದು ಮಿತಿಯಿಲ್ಲವೆಂಬ ಅರ್ಥವಲ್ಲ, ಅನುಮತಿಯಿಲ್ಲವೆಂದೇ ತಿಳಿಯತಕ್ಕದ್ದು. ಕೊಂಡಿಯ ಮೇಲೆ ಬೀಳುವ 90 ಕಿ.ಗ್ರಾಂ. ಭಾರವು ವಾಹನದ ಹಿಂಬದಿಯಲ್ಲಿ ಒಬ್ಬ ದಢೂತಿ ಪ್ರಯಾಣಿಕನು ಕುಳಿತಂತೆಯೇ ಸರಿ. ಅದನ್ನೂ ವಾಹನದ ಲೆಕ್ಕಕ್ಕೆ ಹಿಡಿಯಬೇಕು.

ಬಹಳ ಮಂದಿ ನೋಡದೆ ಬಿಡುವುದು ಟೈರುಗಳನ್ನು. ಟೈರಿನ ಪಕ್ಕದಲ್ಲಿ ಅಳತೆಯ ನಂತರ ಮುದ್ರಿತವಾದ ಎರಡಂಕಿಯ ಸಂಖ್ಯೆಯು ಅದು ಹೊರಬಲ್ಲ ಭಾರದ ಸೂಚಕ. 82 ಎಂದಿದ್ದರೆ ಒಂದು ಟೈರಿಗೆ 475 ಕಿ.ಗ್ರಾಂ., 88 ಎಂದಿದ್ದರೆ 560 ಕಿ.ಗ್ರಾಂ. ನಮ್ಮ ಉದಾಹರಣೆಯಲ್ಲಿ ಅಚ್ಚಿನ ಭಾರ 1,060. ಸೂಚಕ 82ರ ಎರಡು ಟೈರುಗಳು ಹೊರುವುದು 950 ಮಾತ್ರ. ಉಳಿದೆಲ್ಲ ಮಿತಿಗಳೊಳಗೆ ಇದ್ದರೂ ಈ ಟ್ರೇಲರ್ ರಸ್ತೆಗಿಳಿಯಲು ಯೋಗ್ಯವಲ್ಲ. ಸೂಚಕ 88ರ ಟೈರುಗಳು 1,120 ಹೊರುತ್ತವೆ, ಕಾರ್ಯ ಸಾಗುತ್ತದೆ. ಮಳೆಗಾಲ ಪೂರ್ತಿ ಮರಳಿನಲ್ಲಿ ನಿಂತು ಬಿರುಕುಬಿಟ್ಟ ಟೈರಿಗೆ ಈ ಯಾವ ಅಂಕಿಯೂ ಅನ್ವಯಿಸದು.

ಕೊಂಡಿಯ ಭಾರವು ಒಟ್ಟು ತೂಕದ ನೂರಕ್ಕೆ 5ರಿಂದ 10ರಷ್ಟು ಇರುವುದು ಸಾಮಾನ್ಯವಾಗಿ ಒಪ್ಪಿತವಾದ ಪ್ರಮಾಣ. 1,150ಕ್ಕೆ ಸುಮಾರು 58ರಿಂದ 115 ಕಿ.ಗ್ರಾಂ. ಇದಕ್ಕಿಂತ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರಿನ ಹಿಂಭಾಗವು ಅತ್ತಿತ್ತ ಬಳುಕಲು ತೊಡಗಿ, ವಾಹನವನ್ನೇ ತಿರುಗಿಸಿಬಿಡುವ ಸಂಭವವಿದೆ. ಹೆಚ್ಚಾದರೆ ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲಗೊಳ್ಳುತ್ತದೆ. ಇದನ್ನು ಸರಿಪಡಿಸುವುದು ದೋಣಿಯನ್ನು ಹಿಂದು ಮುಂದು ಸರಿಸುವುದರಿಂದ. ಅಚ್ಚಿನಿಂದ ಕೊಂಡಿಯವರೆಗೆ 4 ಮೀಟರು ಅಂತರವಿದ್ದು, 830 ಕಿ.ಗ್ರಾಂ. ದೋಣಿಯು 20 ಸೆಂ.ಮೀ. ಹಿಂದಕ್ಕೆ ಜಾರಿದರೆ ಕೊಂಡಿಯ ಭಾರವು 41 ಕಿ.ಗ್ರಾಂ.ಗೂ ಹೆಚ್ಚು ಇಳಿಯುತ್ತದೆ. ತೊಂಬತ್ತಿದ್ದುದು ಐವತ್ತರೊಳಗೆ ಬರುತ್ತದೆ. ಕಟ್ಟಿದ ಹಗ್ಗವು ದಾರಿಯಲ್ಲಿ ಒಂದು ಗೇಣು ಸಡಿಲಗೊಂಡರೆ ಒದಗುವ ಸ್ಥಿತಿ ಇದೇ.

ಕಾನೂನಿನ ದೃಷ್ಟಿಯಿಂದ 1988ರ ಮೋಟಾರು ವಾಹನ ಅಧಿನಿಯಮದಲ್ಲಿ ಟ್ರೇಲರು ಕೂಡ ‘ಮೋಟಾರು ವಾಹನ’ ಎಂಬ ವ್ಯಾಖ್ಯೆಯೊಳಗೆ ಬರುತ್ತದೆ. ಅದರ ನೋಂದಣಿ ಪ್ರತ್ಯೇಕವಾದುದು. ಅಧಿನಿಯಮದ 114ನೆಯ ಪ್ರಕರಣದಂತೆ ಅಧಿಕೃತ ಅಧಿಕಾರಿಯು ವಾಹನವನ್ನು ತೂಗಿಸುವಂತೆ ಆದೇಶಿಸಬಹುದು. ಮಿತಿ ಮೀರಿದ ತೂಕಕ್ಕೆ 2019ರ ತಿದ್ದುಪಡಿಯ ಅನಂತರ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ, ಜೊತೆಗೆ ಹೆಚ್ಚಿನ ಹೊರೆಯನ್ನು ಇಳಿಸುವ ವೆಚ್ಚ ತಗಲುತ್ತದೆ.

ಕೊನೆಯದಾಗಿ ದಡದ ಇಳಿಜಾರಿನ ವಿಷಯ. ಎಂಟು ಮೀಟರಿಗೆ ಒಂದು ಮೀಟರು ಇಳಿಯುವ ದಾರಿಯಲ್ಲಿ 1,150 ಕಿ.ಗ್ರಾಂ. ಹೊರೆಯು ವಾಹನವನ್ನು ಸುಮಾರು 144 ಕಿ.ಗ್ರಾಂ.ನಷ್ಟು ಬಲದಿಂದ ನೀರಿನತ್ತ ಜಗ್ಗುತ್ತಿರುತ್ತದೆ. ಉಬ್ಬರ ಇಳಿದ ಮೇಲೆ ಮುಂಬಯಿಯ ಇಳಿಜಾರುಗಳ ಕೆಳಭಾಗ ಪಾಚಿ ಮತ್ತು ಕೆಸರಿನಿಂದ ಜಾರುತ್ತದೆ. ಹಿಂದಿನ ಚಕ್ರಗಳು ಅಲ್ಲಿ ನಿಂತರೆ ಬ್ರೇಕು ಒತ್ತಿದರೂ ಪ್ರಯೋಜನ ಕಡಿಮೆ. ಉಬ್ಬರ ಏರಿರುವಾಗಲೇ ಕಾರ್ಯ ಮುಗಿಸುವುದು, ಬಲೆ, ಮಂಜುಗಡ್ಡೆ, ಇಂಧನದ ಡಬ್ಬಿಗಳನ್ನು ಮೊದಲೇ ಇಳಿಸಿ ಹೊರೆಯನ್ನು ಹಗುರಗೊಳಿಸುವುದು, ಟ್ರೇಲರಿನ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಳ್ಳುವುದು, ಅದರಲ್ಲೂ ಮಕ್ಕಳನ್ನು ದೂರವಿರಿಸುವುದು ಅತ್ಯಗತ್ಯ.